ಕಲ್ಯಾಣದಲ್ಲಿ ಗ್ರಹಹೋರೆಗಳ ವಿಚಾರ

ಆದಿತ್ಯವಾರದ ಮರುದಿನವು ಸೋಮವಾರವೆಂಬುದನ್ನು ಅರಿಯದ ಮಗುವು ನಮ್ಮ ನಾಡಿನಲ್ಲಿ ಇರಲಾರದು. ಆದರೆ ಸೂರ್ಯನ ಬಳಿಕ ಚಂದ್ರನೂ, ಚಂದ್ರನ ಬಳಿಕ ಮಂಗಳನೂ, ಅವನ ಬಳಿಕ ಬುಧನೂ ಏಕೆ ಬರಬೇಕೆಂದು ಕೇಳಿದರೆ ಬಲ್ಲವರೂ ಕೆಲವು ಕಾಲ ಯೋಚಿಸಬೇಕಾಗುವುದು. ಗ್ರಹಗಳ ಗಾತ್ರವಾಗಲಿ, ಕಾಂತಿಯಾಗಲಿ, ವೇಗವಾಗಲಿ ಈ ಕ್ರಮವನ್ನು ಅನುಸರಿಸುವುದಿಲ್ಲ. ಇದರ ಕಾರಣವು ಹೋರೆಯೆಂಬ ಕಾಲಮಾನದಲ್ಲಿ ಅಡಗಿದೆ. ಆ ಹೋರೆಯ ಗಣಿತವೂ, ಗ್ರಹಗಳಿಗೆ ಶಾಸ್ತ್ರವು ಕಲ್ಪಿಸಿದ ಅರ್ಥಗಳೂ ಚಾಲುಕ್ಯರ ರಾಜಧಾನಿಯಾದ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಹನ್ನೊಂದು ಮತ್ತು ಹನ್ನೆರಡನೆಯ ಶತಮಾನಗಳಲ್ಲಿ ಯಾವ ಸ್ಥಾನವನ್ನು ಪಡೆದಿದ್ದುವು, ಅವುಗಳಲ್ಲಿ ಯಾವುದು ಉಳಿಯಿತು, ಯಾವುದನ್ನು ಆ ಊರಿನ ಜನರೇ ತಿರಸ್ಕರಿಸಿದರು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಮೊದಲು ಗಣಿತವನ್ನು ನೋಡೋಣ. ಒಂದು ಅಹೋರಾತ್ರಕ್ಕೆ ೬೦ ಘಳಿಗೆಗಳು. ಅದನ್ನೇ ೨೪ ಹೋರೆಗಳನ್ನಾಗಿ ವಿಭಾಗಿಸಿದರೆ ಒಂದೊಂದು ಹೋರೆಗೆ ಎರಡೂವರೆ ಘಳಿಗೆಗಳಾಗುವುವು. ಪ್ರಾಚೀನರು ಭೂಮಿಯನ್ನು ನಡುವಿಟ್ಟು, ರಾಶಿಚಕ್ರವನ್ನು ಸುತ್ತಲು ಹೆಚ್ಚು ಕಾಲ ಬೇಕಾದ ಗ್ರಹವು ಹೆಚ್ಚು ದೂರದಲ್ಲಿರುವುದೆಂದು ಎಣಿಸಿದರು. ಶನಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷಗಳು, ಗುರುವಿಗೆ ಸುಮಾರು ೧೨ ವರ್ಷಗಳು, ಮಂಗಳನಿಗೆ ಎರಡು ವರ್ಷಗಳಿಗೆ ಸ್ವಲ್ಪ ಕಡಮೆ, ರವಿಗೆ ಒಂದು ವರ್ಷ. ಅವನ ಕೆಳಗೆ ಶುಕ್ರ, ಬುಧ. ಎಲ್ಲರಿಗಿಂತ ಶೀಘ್ರಗಾಮಿಯಾದ ಚಂದ್ರನಿಗೆ ೨೭ ದಿನಗಳು ಮತ್ತು ಕೆಲವು ಘಳಿಗೆಗಳು. ಹೀಗೆ ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ ಎಂಬುದೇ ಹೋರಾಧಿಪತಿಗಳ ಕ್ರಮವು. ಶನಿವಾರದ ಸೂರ್ಯೋದಯದಲ್ಲಿ ಮೊದಲನೆಯ ಹೋರೆಯನ್ನು ಶನಿಗೆ ಕೊಟ್ಟು ಎಣಿಸುತ್ತ ಹೋದರೆ ೮ನೆಯದೂ ೧೫ನೆಯದೂ ೨೨ನೆಯದೂ ಶನಿಗೇ ಬರುವುವು. ೨೩ನೆಯದು ಗುರುವಿಗೆ, ೨೪ನೆಯದು ಮಂಗಳನಿಗೆ. ೨೫ನೆಯದು, ಅಂದರೆ ಮರುದಿನದ ಮೊದಲನೆಯ ಹೋರೆಯು, ರವಿಗೆ. ಆದುದರಿಂದ ಮರುದಿನವು ಆದಿತ್ಯವಾರ. ೨೪ನ್ನು ೭ರಿಂದ ಭಾಗಿಸಿದರೆ ಶೇಷವು ೩. ಪ್ರತಿದಿನವೂ ಮೂರು ಗ್ರಹಗಳನ್ನು ದಾಟಿ ನಾಲ್ಕನೆಯವನು ದಿನಾಧಿಪತಿಯಾಗುತ್ತಾನೆ. ವಾರಕ್ರಮದ ರಹಸ್ಯವು ಇಷ್ಟೇ. ರಾಹುಕೇತುಗಳು ಕಣ್ಣಿಗೆ ಕಾಣುವ ಬಿಂಬಗಳಲ್ಲವಾದುದರಿಂದ ಅವರಿಗೆ ಹೋರೆಯೂ ಇಲ್ಲ, ವಾರವೂ ಇಲ್ಲ.

ಆರ್ಯಭಟನು ತನ್ನ ಗ್ರಂಥದ ಕಾಲಕ್ರಿಯಾಪಾದದಲ್ಲಿ ಈ ನಿಯಮವನ್ನೇ ಸಂಕ್ಷೇಪವಾಗಿ ಹೇಳಿದ್ದಾನೆ. ಅವನ ಗಣನೆಯ ಕಾಲವು ಕ್ರಿ.ಶ. ೪೯೯. ಅದಕ್ಕೆ ೧೫ ವರ್ಷಗಳ ಹಿಂದೆ, ೪೮೪ರಲ್ಲಿ, ಗುಪ್ತರಾಜನಾದ ಬುಧಗುಪ್ತನ ಏರಣ್ ಶಾಸನದಲ್ಲಿ ಗುರುವಾರದ ಉಲ್ಲೇಖವು ಕಂಡುಬರುತ್ತದೆ. ನಮ್ಮ ದೇಶದ ಶಾಸನಗಳಲ್ಲಿ ವಾರವನ್ನು ಹೇಳುವ ಅತಿ ಪ್ರಾಚೀನವಾದವುಗಳಲ್ಲಿ ಇದು ಒಂದು. ಹೋರೆಯೆಂಬ ಶಬ್ದವು ಅಹೋರಾತ್ರ ಶಬ್ದದ ಮೊದಲ ಮತ್ತು ಕಡೆಯ ಅಕ್ಷರಗಳು ಲೋಪವಾಗಿ ಹುಟ್ಟಿತೆಂಬ ಮತವನ್ನು ವರಾಹಮಿಹಿರನು ತಿಳಿಸಿದ್ದಾನೆ. ಆದರೆ ಅದು ಗ್ರೀಕ್ ಭಾಷೆಯಿಂದ ಬಂದ ಶಬ್ದವೆಂಬುದು ಇಂದಿನ ವಿದ್ವಾಂಸರ ಅಭಿಪ್ರಾಯವು. ರೋಮಿನ ಚರಿತ್ರಕಾರನಾದ ದಿಯೋ ಕ್ಯಾಸಿಯಸನು ಕ್ರಿಸ್ತಶಕದ ಮೂರನೆಯ ಶತಮಾನದಲ್ಲಿ ವಾರಕ್ರಮಕ್ಕೆ ಇದೇ ಹೋರಾಗಣನೆಯನ್ನು ಒಂದು ಕಾರಣವಾಗಿ ಹೇಳಿ, ಆ ಪದ್ಧತಿಯು ಈಜಿಪ್ತದವರದೆಂದು ಬರೆದಿದ್ದಾನೆ. ಹೀಗೆ ಸಮುದ್ರವನ್ನು ದಾಟಿಬಂದ ವಿದ್ಯೆಯನ್ನು ನಮ್ಮ ಗಣಕರು ತಮ್ಮ ಘಳಿಗೆ ವಿಘಳಿಗೆಗಳಿಗೆ ಹೊಂದಿಸಿ ತಮ್ಮದನ್ನಾಗಿ ಮಾಡಿಕೊಂಡರು.

ಇನ್ನು ಗ್ರಹಗಳ ಅರ್ಥವನ್ನು ಕುರಿತು. ವರಾಹಮಿಹಿರನ ಬೃಹಜ್ಜಾತಕವೇ ಇದಕ್ಕೆ ಪ್ರಮಾಣ ಗ್ರಂಥವು. ಅದರಲ್ಲಿ ರವಿಯು ಆತ್ಮ, ಚಂದ್ರನು ಮನಸ್ಸು, ಮಂಗಳನು ಸತ್ತ್ವ, ಬುಧನು ವಾಕ್ಕು, ಗುರುವು ಜ್ಞಾನಸುಖಗಳು, ಶುಕ್ರನು ಕಾಮ, ಶನಿಯು ದುಃಖ. ಅಷ್ಟಕ್ಕೇ ನಿಲ್ಲದೆ, ರವಿಚಂದ್ರರು ರಾಜರೆಂದೂ, ಮಂಗಳನು ಸೇನಾಪತಿಯೆಂದೂ, ಬುಧನು ಯುವರಾಜನೆಂದೂ, ಗುರುಶುಕ್ರರು ಮಂತ್ರಿಗಳೆಂದೂ, ಶನಿಯು ಸೇವಕನೆಂದೂ ಅಲ್ಲಿ ಹೇಳಿದೆ. ಗುರುಶುಕ್ರರು ಬ್ರಾಹ್ಮಣರ ಅಧಿಪತಿಗಳು, ರವಿಮಂಗಳರು ಕ್ಷತ್ರಿಯರ ಅಧಿಪತಿಗಳು, ಚಂದ್ರನು ವೈಶ್ಯರಿಗೆ, ಬುಧನು ಶೂದ್ರರಿಗೆ, ಶನಿಯು ಅಂತ್ಯಜರಿಗೆ. ವಾಚಕರು ಇದನ್ನು ಸ್ವಲ್ಪ ನಿಧಾನವಾಗಿ ಪರ್ಯಾಲೋಚಿಸಬೇಕು. ಇದು ಆಕಾಶದ ವರ್ಣನೆಯೋ, ಭೂಮಿಯ ಮೇಲಿನ ಒಂದು ಆಸ್ಥಾನದ ವರ್ಣನೆಯೋ? ಸಿಂಹಾಸನದಿಂದ ಮೊದಲಾಗಿ ಬಾಗಿಲಲ್ಲಿ ಕೈಕಟ್ಟಿ ನಿಂತ ಆಳಿನವರೆಗೆ ರಾಜಧಾನಿಯ ಜನರೆಲ್ಲರೂ ಇಲ್ಲಿ ನಕ್ಷತ್ರಮಂಡಲದಲ್ಲಿ ಚಿತ್ರಿತರಾಗಿದ್ದಾರೆ. ಹೋರೆಯ ಗಣನೆಯು ಆಕಾಶವನ್ನು ನೋಡಿ ಮಾಡಿದುದು. ಗ್ರಹಗಳ ಅರ್ಥವಾದರೋ ಮನುಷ್ಯರ ತಾರತಮ್ಯವನ್ನು ನೋಡಿ ಮಾಡಿದುದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಕಲ್ಯಾಣಕ್ಕೆ ಬರೋಣ.

ಕಲ್ಯಾಣವು ರಾಜಧಾನಿಯಾದುದು ೧೦೪೨ರಿಂದ ೧೦೬೮ರ ವರೆಗೆ ಆಳಿದ ಆಹವಮಲ್ಲ ಸೋಮೇಶ್ವರನ ಕಾಲದಲ್ಲಿ. ಅವನ ಆಳ್ವಿಕೆಯಲ್ಲಿಯೇ, ೧೦೪೯ರಲ್ಲಿ, ಬೆಳ್ವೊಲನಾಡಿನ ನರಿಗುಂದದ ಶ್ರೀಧರಾಚಾರ್ಯನು ಜಾತಕತಿಲಕವನ್ನು ರಚಿಸಿದನು. ನಮಗೆ ಉಪಲಬ್ಧವಾಗಿರುವ ಕನ್ನಡ ಜ್ಯೋತಿಷ ಗ್ರಂಥಗಳಲ್ಲಿ ಇದೇ ಮೊದಲನೆಯದು. ಸಂಸ್ಕೃತಜ್ಞರ ಕೈಯಲ್ಲಿಯೇ ಇದ್ದ ಶಾಸ್ತ್ರವು ಆ ರಾಜನ ಕಾಲದಲ್ಲಿ ಕನ್ನಡ ಬಲ್ಲವರಿಗೂ ದೊರೆಯಿತೆಂಬುದು ಸಣ್ಣ ಸಂಗತಿಯಲ್ಲ.

ಆಹವಮಲ್ಲನ ಮಕ್ಕಳ ಕಥೆಯಲ್ಲಿ ಗ್ರಹಗಳೂ ಪಾತ್ರಧಾರಿಗಳಾಗಿವೆ. ಬಿಲ್ಹಣ ಕವಿಯ ವಿಕ್ರಮಾಂಕದೇವಚರಿತದ ಪ್ರಕಾರ, ತಂದೆಯು ಕಿರಿಯನಾದ ವಿಕ್ರಮಾದಿತ್ಯನನ್ನೇ ಯುವರಾಜನನ್ನಾಗಿ ಮಾಡಬಯಸಿ, ಶಿವನ ಇಚ್ಛೆಯೂ ಗ್ರಹಗಳ ನಿರ್ಣಯವೂ ನಿನ್ನ ಪಕ್ಷದಲ್ಲಿವೆಯೆಂದು ವಾದಿಸಿದನು. ಮಗನು ಅಣ್ಣನ ಹಕ್ಕನ್ನು ಮೀರಲು ಒಪ್ಪಲಿಲ್ಲ. ಅಣ್ಣನಾದ ಎರಡನೆಯ ಸೋಮೇಶ್ವರನು ೧೦೬೮ರಲ್ಲಿ ಪಟ್ಟವೇರಿದನು. ೧೦೭೬ರಲ್ಲಿ ಅದೇ ವಿಕ್ರಮಾದಿತ್ಯನು ಅಣ್ಣನನ್ನು ಯುದ್ಧದಲ್ಲಿ ಗೆದ್ದು, ಸೆರೆಯಲ್ಲಿಟ್ಟು, ಸಿಂಹಾಸನವನ್ನು ತೆಗೆದುಕೊಂಡನು. ಬಿಲ್ಹಣನು ಗೆದ್ದವನ ಆಸ್ಥಾನಕವಿ ಎಂಬುದನ್ನು ಮರೆಯಲಾಗದು. ಕತ್ತಿಯಿಂದ ದೊರೆತ ರಾಜ್ಯವು ಜಾತಕದಲ್ಲಿ ಮೊದಲೇ ಬರೆದಿತ್ತೆಂದು ಹೇಳಿದರೆ ಕತ್ತಿಯ ಕಲೆಯು ಮಾಸಿಹೋಗುವುದಲ್ಲವೆ?

ಈ ವಿಕ್ರಮಾದಿತ್ಯನು ಶಕವರ್ಷದ ಗಣನೆಯನ್ನು ಬಿಟ್ಟು ತನ್ನ ಹೆಸರಿನಲ್ಲಿಯೇ ಚಾಲುಕ್ಯ ವಿಕ್ರಮವರ್ಷವನ್ನು ನಡೆಸಿದನು. ಹುಮನಾಬಾದ ತಾಲ್ಲೂಕಿನ ಜಲಸಂಗಿಯ ದೇವಾಲಯದ ಗೋಡೆಯ ಮೇಲೆ ಶಿಲಾಬಾಲಿಕೆಯೊಬ್ಬಳು ಅವನ ಪ್ರಶಸ್ತಿಯನ್ನು ಬರೆಯುತ್ತ ಇಂದಿಗೂ ನಿಂತಿದ್ದಾಳೆ. ಐವತ್ತು ವರ್ಷಗಳ ಕಾಲ ಆಳಿದ ಆ ಚಕ್ರವರ್ತಿಯು ವರ್ಷದ ಎಣಿಕೆಯನ್ನು ಬದಲಾಯಿಸಿದನು. ಆದರೆ ವಾರದ ಎಣಿಕೆಯನ್ನು ಅವನೂ ಮುಟ್ಟಲಿಲ್ಲ. ಅವನ ಶಕೆಯು ಅವನ ವಂಶದೊಡನೆ ಮರೆಯಾಯಿತು. ವಾರವು ನಿಲ್ಲದೆ ನಡೆದಿದೆ.

ಅವನ ಆಶ್ರಯದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿ, ಕಲ್ಯಾಣಕ್ಕೆ ಸಮನಾದ ಪಟ್ಟಣವು ಹಿಂದೆಯೂ ಇರಲಿಲ್ಲ, ಮುಂದೆಯೂ ಇರದೆಂದು ಅದರ ಕೊನೆಯಲ್ಲಿ ಹೊಗಳಿದನು. ದಾಯಭಾಗದ ವಿಷಯದಲ್ಲಿ ಆ ಗ್ರಂಥವು ಭಾರತದ ಬಹುಭಾಗಕ್ಕೆ ಪ್ರಮಾಣವಾದುದು ಎಲ್ಲರಿಗೂ ತಿಳಿದಿದೆ. ಆದರೆ ಅವನು ವ್ಯಾಖ್ಯಾನಿಸಿದ ಸ್ಮೃತಿಯಲ್ಲಿ ಗ್ರಹಶಾಂತಿಯ ಪ್ರಕರಣವೂ ಒಂದಿದೆಯೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಅಲ್ಲಿ ಗ್ರಹಗಳು ವಾರಕ್ರಮದಿಂದಲೇ ಎಣಿಸಲ್ಪಟ್ಟಿವೆ, ಕಡೆಗೆ ರಾಹುಕೇತುಗಳು. ರವಿಯ ಪ್ರತಿಮೆಗೆ ತಾಮ್ರ, ಚಂದ್ರನದಕ್ಕೆ ಸ್ಫಟಿಕ, ಮಂಗಳನದಕ್ಕೆ ರಕ್ತಚಂದನ, ಬುಧಗುರುಗಳದಕ್ಕೆ ಚಿನ್ನ, ಶುಕ್ರನದಕ್ಕೆ ಬೆಳ್ಳಿ, ಶನಿಯದಕ್ಕೆ ಕಬ್ಬಿಣ. ಎಕ್ಕ, ಮುತ್ತುಗ, ಅರಳಿ, ಅತ್ತಿ, ಬನ್ನಿ ಮೊದಲಾದ ಸಮಿತ್ತುಗಳು ಬೇರೆ. ರಾಜರ ಏಳುಬೀಳುಗಳು ಗ್ರಹಾಧೀನವಾಗಿರುವುದರಿಂದ ಅವು ಪೂಜ್ಯವೆಂದು ಆ ಪ್ರಕರಣವು ಮುಗಿಯುತ್ತದೆ. ಆದರೆ ಅದೇ ಸ್ಮೃತಿಯು ಮುಂದೆ ರಾಜಧರ್ಮವನ್ನು ಹೇಳುವಾಗ, ಒಂದೇ ಗಾಲಿಯಿಂದ ರಥವು ಹೇಗೆ ನಡೆಯದೋ ಹಾಗೆಯೇ ಪುರುಷಪ್ರಯತ್ನವಿಲ್ಲದೆ ದೈವವು ಫಲಿಸದೆಂದು ಎಚ್ಚರಿಸುತ್ತದೆ. ಕಲ್ಯಾಣದ ಪಂಡಿತರಿಗೆ ಈ ಎರಡು ಮಾತುಗಳೂ ಗೊತ್ತಿದ್ದುವು.

ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ನೂರು ಅಧ್ಯಾಯಗಳ ಮಾನಸೋಲ್ಲಾಸವನ್ನು ರಚಿಸಿದನು. ಅದರಲ್ಲಿ ರಾಜನ ದಂಡಯಾತ್ರೆಗೆ ತಕ್ಕ ಕಾಲವೂ ಶಕುನಗಳೂ ಹೇಳಲ್ಪಟ್ಟಿವೆ. ಗ್ರಹಗಣಿತಕ್ಕಾಗಿ ಅವನು ಒಂದು ಆರಂಭದಿನವನ್ನೂ ಕೊಟ್ಟಿದ್ದಾನೆ: ಶಕ ೧೦೫೧, ಸೌಮ್ಯ ಸಂವತ್ಸರ, ಚೈತ್ರದ ಆದಿ, ಶುಕ್ರವಾರ. ಇಂದಿನ ಗಣಿತದಿಂದ ಪರೀಕ್ಷಿಸಿದರೆ ಅದು ಕ್ರಿ.ಶ. ೧೧೨೯ನೆಯ ಮಾರ್ಚ್ ೨೨ನೆಯ ತಾರೀಖಿಗೆ ಬರುತ್ತದೆ. ಅಂದು ಶುಕ್ರವಾರವೇ ಆಗಿತ್ತು. ಅಂದಿನಿಂದ ಇಂದಿನವರೆಗೆ ಏಳೇಳು ದಿನಗಳಂತೆ ಹಿಂದಕ್ಕೂ ಮುಂದಕ್ಕೂ ಎಣಿಸಿದರೂ ಒಂದು ದಿನವೂ ತಪ್ಪುವುದಿಲ್ಲ. ದಂಡಯಾತ್ರೆಯ ಮುಹೂರ್ತಗಳನ್ನು ಬಲ್ಲ ಆ ರಾಜನ ಸಿಂಹಾಸನವು ಅವನ ಮಕ್ಕಳ ಕಾಲದಲ್ಲಿಯೇ ಕಳಚುರಿ ಬಿಜ್ಜಳನ ವಶವಾಯಿತು. ಮುಹೂರ್ತವು ರಾಜ್ಯವನ್ನು ಕಾಯಲಿಲ್ಲ. ಅವನು ಬರೆದಿಟ್ಟ ಶುಕ್ರವಾರವು ಮಾತ್ರ ಸುಳ್ಳಾಗಲಿಲ್ಲ.

ಈ ಸತ್ಯವೇ ಚರಿತ್ರಕಾರರಿಗೆ ದೊಡ್ಡ ಸಾಧನವಾಗಿದೆ. ಚಾಲುಕ್ಯರ ದಾನಶಾಸನಗಳು ವರ್ಷ, ಸಂವತ್ಸರ, ಮಾಸ, ತಿಥಿಗಳೊಡನೆ ವಾರವನ್ನೂ ಸಾಮಾನ್ಯವಾಗಿ ಹೇಳುವುವು. ಸಂಕ್ರಾಂತಿ, ಗ್ರಹಣ, ವ್ಯತೀಪಾತಗಳನ್ನೂ ಸೇರಿಸುವುವು. ದಾನಕ್ಕೆ ಪುಣ್ಯವು ಹೆಚ್ಚಲೆಂದು ಬರೆದ ಈ ವಿವರಗಳು ಕಾಲನಿರ್ಣಯಕ್ಕೆ ಸಾಕ್ಷಿಗಳಾದುವು. ತಿಥಿಯೊಡನೆ ವಾರವು ಕೂಡಿಬಂದರೆ ಶಾಸನದ ಕಾಲವು ನಂಬತಕ್ಕದ್ದು. ಕೂಡದಿದ್ದರೆ ಬರೆದವನ ತಪ್ಪೋ, ಕೂಟಶಾಸನವೋ ಎಂದು ಶಂಕಿಸಬೇಕಾಗುವುದು. ಕೀಲ್‌ಹಾರ್ನ್, ಫ್ಲೀಟ್ ಮುಂತಾದವರು ಹೀಗೆಯೇ ನೂರಾರು ಶಾಸನಗಳನ್ನು ಪರೀಕ್ಷಿಸಿದರು. ಸಿವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ೧೮೯೬ರಲ್ಲಿ ಭಾರತೀಯ ಪಂಚಾಂಗವನ್ನು ಕುರಿತ ಗ್ರಂಥವನ್ನು ಪ್ರಕಟಿಸಿ ಈ ಕಾರ್ಯವನ್ನು ಸುಲಭಗೊಳಿಸಿದರು. ಕನ್ನಡ ಶಾಸನಗಳಲ್ಲಿ ಬರುವ ವಡ್ಡವಾರವು ಬಹುಮಟ್ಟಿಗೆ ಶನಿವಾರವೆಂಬುದೂ ಇಂಥ ಗಣಿತದಿಂದಲೇ ತಿಳಿದುಬಂದಿತು.

ಹೀಗೆ ಗಣಿತವು ನಿಂತಿತು. ಅರ್ಥದ ಗತಿಯೇನಾಯಿತು? ಅದನ್ನು ಪ್ರಶ್ನಿಸಿದವರು ಕಲ್ಯಾಣದ ಶರಣರು. ಬಿಜ್ಜಳನ ಭಂಡಾರಿಗಳಾಗಿದ್ದ ಬಸವಣ್ಣನವರು ಆಸ್ಥಾನದ ಒಳಗನ್ನು ಬಲ್ಲವರು. ಮುಹೂರ್ತವನ್ನು ಕೇಳಬಂದ ಭಕ್ತರಿಗೆ ದೋಷವನ್ನು ಎಣಿಸದೆ ಬಲಗಳೆಲ್ಲ ಕೂಡಿವೆಯೆಂದೇ ತಿಳಿಸಬೇಕೆಂಬುದು ಅವರ ಒಂದು ವಚನದ ತಾತ್ಪರ್ಯವು. ಅವರ ದೃಷ್ಟಿಯಲ್ಲಿ ದಿನಕ್ಕೆ ಶುಭತ್ವವು ಬರುವುದು ಗ್ರಹದಿಂದಲ್ಲ, ಭಕ್ತಿಯಿಂದ. ಅವರ ಸಂಗಡಿಗರು ಯಾರು? ಬಟ್ಟೆಯನ್ನು ಒಗೆಯುವ ಮಡಿವಾಳ ಮಾಚಯ್ಯ, ತೊಗಲನ್ನು ಹದಮಾಡುವ ಡೋಹರ ಕಕ್ಕಯ್ಯ, ದೋಣಿಯನ್ನು ನಡೆಸುವ ಅಂಬಿಗರ ಚೌಡಯ್ಯ. ಶಾಸ್ತ್ರದ ಲೆಕ್ಕದಲ್ಲಿ ಬುಧನ ಪಾಲಿಗೋ ಶನಿಯ ಪಾಲಿಗೋ ಬಿದ್ದವರು ಇವರು. ಸೇವೆಯೇ ಕಾಯಕವೆಂದೂ ಕಾಯಕವೇ ಪೂಜ್ಯವೆಂದೂ ತಿಳಿದವರಿಗೆ, ಸೇವಕನನ್ನು ದುಃಖದ ಗ್ರಹಕ್ಕೆ ಒಪ್ಪಿಸಿದ ಶಾಸ್ತ್ರವು ಹೇಗೆ ರುಚಿಸೀತು? ವಧೂವರರ ರಾಶಿಗೂ ವರ್ಣವನ್ನು ಕಲ್ಪಿಸಿ ಕೂಟವನ್ನು ನೋಡುವ ಲೋಕದಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿದ ಮಧುವರಸನ ಮಗಳಿಗೂ ವಿವಾಹವಾಯಿತೆಂದೂ, ಅದಕ್ಕಾಗಿ ಇಬ್ಬರು ತಂದೆಯರೂ ಪ್ರಾಣವನ್ನು ತೆತ್ತರೆಂದೂ ಪರಂಪರೆಯು ಹೇಳುತ್ತದೆ. ೧೧೬೭ರ ಸುಮಾರಿಗೆ ಬಿಜ್ಜಳನೂ ಅಳಿದನು, ಶರಣರು ಚೆದರಿದರು. ಆ ಪ್ರಾಣಗಳನ್ನು ತೆಗೆದುದು ಶನಿಯಲ್ಲ, ಕುಜನಲ್ಲ; ರಾಜಾಜ್ಞೆಯು, ಮತ್ತು ಆ ಆಜ್ಞೆಯ ಹಿಂದಿದ್ದ ಮೇಲುಕೀಳೆಂಬ ಭಾವನೆಯು.

ಕಲ್ಯಾಣವು ಬಳಿಕ ಯಾದವರಿಗೆ, ಬಹಮನಿಗಳಿಗೆ, ಬೀದರದ ಬರೀದಶಾಹಿಗೆ, ಮೊಗಲರಿಗೆ, ಹೈದರಾಬಾದಿನ ನಿಜಾಮರಿಗೆ ಕೈಬದಲಾಯಿಸಿತು. ೧೯೪೮ರಲ್ಲಿ ಭಾರತದಲ್ಲಿ ಸೇರಿತು. ಶಕೆ, ಹಿಜರಿ, ಫಸಲಿ ಎಂದು ವರ್ಷಗಳ ಹೆಸರುಗಳು ಬದಲಾದುವು. ಆದರೆ ಜೋಯಿಸರ ಶುಕ್ರವಾರವೂ ಮಸೀದಿಯ ಜುಮ್ಮೆಯೂ ಎಂದೂ ಒಂದೇ ದಿನ. ಹುಮನಾಬಾದದ ಮಾಣಿಕನಗರದಲ್ಲಿ ದತ್ತಜಯಂತಿಯನ್ನು ಮಾರ್ಗಶೀರ್ಷ ಪೌರ್ಣಿಮೆಯಿಂದ ನಿಶ್ಚಯಿಸಲು ಪಂಚಾಂಗವು ಬೇಕು; ವಾರದ ಸಂತೆಗೆ ಹೋಗಲು ಯಾವ ಜೋಯಿಸರೂ ಬೇಕಿಲ್ಲ. ಎಲ್ಲ ಮತದವರೂ ಕಲಹವಿಲ್ಲದೆ ಹಂಚಿಕೊಂಡ ಆಸ್ತಿಯೆಂದರೆ ಈ ಏಳು ದಿನಗಳೇ ಇರಬೇಕು.

ಪಂಚಾಂಗವನ್ನು ಬಲ್ಲವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವರು ಕಾಪಾಡಿದ ಎಣಿಕೆಯಿಲ್ಲದಿದ್ದರೆ ನಮ್ಮ ಚರಿತ್ರೆಯು ಕಣ್ಣಿಲ್ಲದಂತಾಗುತ್ತಿತ್ತು. ಆದರೆ ಕನ್ಯೆಯೊಬ್ಬಳ ಜಾತಕದಲ್ಲಿ ಕುಜನಿರುವ ಮನೆಯನ್ನು ನೋಡಿ ಬಂದ ಸಂಬಂಧವನ್ನು ಮುರಿಯುವುದೂ, ರೋಗಿಯನ್ನು ವೈದ್ಯನ ಬಳಿಗೆ ಕೊಂಡೊಯ್ಯಲು ಒಳ್ಳೆಯ ಹೋರೆಯನ್ನು ಕಾಯುವುದೂ ಸುಶಿಕ್ಷಿತರ ಮನೆಗಳಲ್ಲಿಯೂ ಇನ್ನೂ ನಿಂತಿಲ್ಲ. ಅಂಥ ಸಮಯದಲ್ಲಿ ಗೃಹಸ್ಥರು ಒಂದನ್ನು ನೆನೆಯಬಹುದು. ಗ್ರಹಗಳಿಂದ ದಿನವನ್ನು ಅಳೆಯುವ ವಿದ್ಯೆಯು ಕಲ್ಯಾಣದಲ್ಲಿ ಪರೀಕ್ಷೆಗೆ ನಿಂತು ಗೆದ್ದಿತು. ಗ್ರಹಗಳಿಂದ ಮನುಷ್ಯರನ್ನು ಅಳೆಯುವ ವಿದ್ಯೆಯನ್ನು ಅದೇ ಕಲ್ಯಾಣದ ಜನರು ಪ್ರಾಣವನ್ನೊಡ್ಡಿ ನಿರಾಕರಿಸಿದರು.