ಕಾಲಿಗೂ ನಾಲಿಗೆಗೂ ಒಂದೇ ಗಂಟು

ಲಕ್ವ ಹೊಡೆದವರ ಮನೆಯವರಿಗೆ ಗೊತ್ತು, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆಯೇ ದೊಡ್ಡ ಕೆಲಸ ಶುರು. ಕಾಲಿಗೆ ಫಿಸಿಯೋಥೆರಪಿ, ತೊದಲುವ ಮಾತಿಗೆ ಸ್ಪೀಚ್ ಥೆರಪಿ, ತುತ್ತು ಎತ್ತಲು, ಗುಂಡಿ ಹಾಕಿಕೊಳ್ಳಲು ಕೈ ಪಳಗಿಸುವ ಆಕ್ಯುಪೇಷನಲ್ ಥೆರಪಿ. ಅದೂ ತಿಂಗಳುಗಟ್ಟಲೆ. ದಾಖಲಾಗದೆ, ಹೋಗಿ ಬಂದು ಮಾಡಿಸಿಕೊಳ್ಳುವ ಈ ಚಿಕಿತ್ಸೆಗೆ ಸರ್ಕಾರಿ ವಿಮೆ ಎಷ್ಟು ದುಡ್ಡು ಕೊಡಬೇಕು? ಅಮೆರಿಕದಲ್ಲಿ ಇದರ ಮೇಲೆ ಇಪ್ಪತ್ತು ವರ್ಷ ಎಳೆದಾಟ ನಡೆಯಿತು. (ನಮ್ಮ ಆಯುಷ್ಮಾನ್ ಕಾರ್ಡ್ ಮುಖ್ಯವಾಗಿ ದಾಖಲಾದವರಿಗೆ. ಹಾಗಾಗಿ ಇಲ್ಲಿ ಆ ಜಗಳ ಇನ್ನೂ ಸರಿಯಾಗಿ ಶುರುವೇ ಆಗಿಲ್ಲ.)

ಅಲ್ಲಿ 65 ದಾಟಿದವರಿಗೆ, ಕೆಲವು ಅಂಗವಿಕಲರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆ. 1965ರ ಕಾನೂನಿನಿಂದ ಬಂದದ್ದು. 1997ರಲ್ಲಿ ಬಜೆಟ್ ಸರಿದೂಗಿಸಲು ಸಂಸತ್ತು ಒಂದು ಕಾಯ್ದೆ ಮಾಡಿ ಥೆರಪಿಗೆ ಮಿತಿ ಹಾಕಿತು. ವರ್ಷಕ್ಕೆ ಆಕ್ಯುಪೇಷನಲ್ ಥೆರಪಿಗೆ 1,500 ಡಾಲರ್. ಫಿಸಿಯೋಥೆರಪಿ, ಸ್ಪೀಚ್ ಥೆರಪಿ ಎರಡಕ್ಕೂ ಸೇರಿ ಇನ್ನೊಂದು 1,500. 1999ರ ಜನವರಿ 1ರಿಂದ ಜಾರಿ.

ಆ 'ಎರಡಕ್ಕೂ ಸೇರಿ' ಅನ್ನೋದೇ ಕಷ್ಟ ತಂದದ್ದು. ಮಂಡಿ ನೋವಿನವರಿಗೆ ಫಿಸಿಯೋ ಒಂದೇ ಸಾಕು, ಗಂಟು ಪೂರಾ ಅವರದೇ. ಲಕ್ವ ಹೊಡೆದವರಿಗೆ ಎರಡೂ ಬೇಕು. ನಡೆಯೋದು ಕಲಿಯುವಷ್ಟರಲ್ಲಿ ಗಂಟು ಕರಗಿದರೆ ಮಾತಿಗೆ ದುಡ್ಡಿಲ್ಲ. ರೋಗ ಹೆಚ್ಚಿದ್ದಷ್ಟೂ ಪಾಲು ಕಡಿಮೆ! ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ಮಾತ್ರ ಆಗ ಈ ಮಿತಿ ಇರಲಿಲ್ಲ. ಆದರೆ ಆಸ್ಪತ್ರೆ ದೂರ ಇದ್ದವರಿಗೆ ಅದರಿಂದ ಏನು ಬಂತು?

ಗಲಾಟೆ ಜೋರಾಗಿ 2000ದಿಂದ ಮಿತಿಯನ್ನು ತಡೆಹಿಡಿದರು. 2003ರ ಸೆಪ್ಟೆಂಬರಿನಲ್ಲಿ ಮತ್ತೆ ಬಂತು, ಡಿಸೆಂಬರಿನಲ್ಲಿ ಮತ್ತೆ ಹೋಯಿತು. 2006ರಲ್ಲಿ 1,740 ಡಾಲರ್ ಆಗಿ ಮರಳಿತು. ಆದರೆ ಈ ಸಲ ಒಂದು ಕಿಂಡಿ ಬಿಟ್ಟಿದ್ದರು: ಥೆರಪಿ ಇನ್ನೂ ಬೇಕೇ ಬೇಕು ಎಂದು ಥೆರಪಿಸ್ಟ್ ದಾಖಲೆ ಇಟ್ಟು ಬಿಲ್ಲಿನಲ್ಲಿ 'ಕೆಎಕ್ಸ್' ಎಂದು ಬರೆದರೆ ಹಣ ಸಿಗುತ್ತಿತ್ತು. ಆ ಕಿಂಡಿಯ ಅವಧಿ ಮುಗಿದಾಗಲೆಲ್ಲ ಸಂಸತ್ತೇ ಮುಂದುವರಿಸಬೇಕಿತ್ತು. ವಯಸ್ಸಾದವರು ಪ್ರತಿ ಸಲ ಕಾಯಬೇಕಿತ್ತು.

ಇನ್ನೊಂದು ತೊಡಕು, 'ನೀವು ಸುಧಾರಿಸುತ್ತಿಲ್ಲ' ಎಂದು ಹಣ ನಿಲ್ಲಿಸುತ್ತಿದ್ದದ್ದು. ಕೋರ್ಟಿಗೆ ಹೋದವರಿಂದಾಗಿ 2013ರ ಜನವರಿಯಲ್ಲಿ ರಾಜಿಯಾಯಿತು. ಇದ್ದ ಸ್ಥಿತಿ ಇನ್ನಷ್ಟು ಕೆಡದಂತೆ ತಡೆಯಲು ಪರಿಣತರ ಥೆರಪಿ ಬೇಕಿದ್ದರೆ ಅದಕ್ಕೂ ಹಣ ಕೊಡಬೇಕು ಎಂದು ಸ್ಪಷ್ಟವಾಯಿತು. ನನಗೆ ಈ ಕಥೆಯಲ್ಲಿ ದೊಡ್ಡ ಗೆಲುವು ಇದೇ ಅನಿಸುತ್ತದೆ.

2018ರ ಫೆಬ್ರವರಿಯಲ್ಲಿ ಮಿತಿಯನ್ನೇ ತೆಗೆದುಹಾಕಿದರು. ಖರ್ಚು ಒಂದು ಮೊತ್ತ ದಾಟಿದರೆ 'ಕೆಎಕ್ಸ್' ಮಾತ್ರ ಈಗಲೂ ಬರೆಯಬೇಕು. ಆ ಮೊತ್ತದ ಲೆಕ್ಕದಲ್ಲಿ ಫಿಸಿಯೋ ಮತ್ತು ಸ್ಪೀಚ್ ಇನ್ನೂ ಒಂದೇ ಗಂಟಿನಲ್ಲಿವೆ.