ಕೆಳಗೆ ಭೋಗ, ಮೇಲೆ ಯೋಗ

ಬೆಂಗಳೂರಿನವರಿಗೆ ನಂದಿಬೆಟ್ಟವೆಂದರೆ ಮನೆಯ ಹಿತ್ತಿಲಿದ್ದ ಹಾಗೆ. ಸುಮಾರು 60 ಕಿಲೋಮೀಟರ್ ದಾರಿ. ನಾಲ್ಕು ಗಂಟೆಗೆ ಎದ್ದು, ಕಾರು ಹತ್ತಿ, ಮಂಜಿನೊಳಗೆ ಸೂರ್ಯೋದಯ ನೋಡಿ, ಒಂದಷ್ಟು ಫೋಟೋ ತೆಗೆದುಕೊಂಡು, ಒಂಬತ್ತು ಹೊಡೆಯುವುದರೊಳಗೆ ಇಳಿದುಬಿಡುವುದು ಈಗಿನ ಪದ್ಧತಿ. ಮೊನ್ನೆ ಮಾರ್ಗಶಿರದಲ್ಲಿ ನನ್ನ ಮೊಮ್ಮಗನೂ ಇದೇ ಏರ್ಪಾಡು ಮಾಡಿಕೊಂಡು ಬಂದ. ನಾನು ಒಂದು ಷರತ್ತು ಹಾಕಿದೆ: ಮೊದಲು ಕೆಳಗಿನ ನಂದಿ ಗ್ರಾಮ, ಆಮೇಲೆ ಮೆಟ್ಟಿಲು ಹತ್ತಿ ಬೆಟ್ಟ.

“ಹಾಗೆ ಮಾಡಿದರೆ ಸೂರ್ಯೋದಯ ತಪ್ಪಿಹೋಗುತ್ತೆ, ತಾತ” ಎಂದ.

“ಸೂರ್ಯ ನಾಳೆಯೂ ಹುಟ್ಟುತ್ತಾನಪ್ಪ. ನನ್ನ ಮಂಡಿಯ ಮಾತು ಹೇಳಲಾರೆ” ಎಂದೆ. ಹುಡುಗ ಒಪ್ಪಿದ.

ಈ ಹಟಕ್ಕೆ ಕಾರಣವಿತ್ತು. ಬೆಟ್ಟದ ಬುಡದಲ್ಲಿರುವವನು ಭೋಗನಂದೀಶ್ವರ, ತುದಿಯಲ್ಲಿರುವವನು ಯೋಗನಂದೀಶ್ವರ. ಕೆಳಗಿನವನಿಗೆ ಕಲ್ಯಾಣಮಂಟಪವೂ ಉತ್ಸವವೂ ಉಂಟು. ಮೇಲಿನವನು ಎಲ್ಲವನ್ನೂ ಬಿಟ್ಟು ಕುಳಿತವನು. ಬದುಕನ್ನು ಉಂಡು, ನೋಡಿ, ಆಮೇಲೆ ಮೇಲಕ್ಕೆ ಬಾ ಎಂದು ಹಿಂದಿನವರು ಬೆಟ್ಟಕ್ಕೇ ಒಂದು ಕ್ರಮ ಹಾಕಿಟ್ಟಿದ್ದರು. ಅದನ್ನು ಬುಡದಿಂದ ಓದಿಕೊಂಡು ಹೋಗಬೇಕು. ಕಾರಿನಲ್ಲಿ ನೇರವಾಗಿ ತುದಿಗೆ ಹೋಗಿ ಇಳಿದವನು ಪುಸ್ತಕದ ಕೊನೆಯ ಪುಟ ಮಾತ್ರ ಓದಿದವನು.

ನಂದಿ ಗ್ರಾಮದ ಗುಡಿ ನಮ್ಮ ನಾಡಿನ ಬಹು ಹಳೆಯ ಗುಡಿಗಳಲ್ಲೊಂದು. ಬಾಣ ಅರಸುಮನೆತನದ ರಾಣಿ ರತ್ನಾವಳಿ ಇಲ್ಲಿ ಶಿವಾಲಯ ಕಟ್ಟಿಸಿದ ಸಂಗತಿ ಒಂಬತ್ತನೆಯ ಶತಮಾನದ ತಾಮ್ರಶಾಸನದಿಂದ ತಿಳಿಯುತ್ತದೆ. ತಲಕಾಡಿನ ಗಂಗರು ತಮ್ಮ ಬಿರುದಿನಲ್ಲಿ ‘ನಂದಗಿರಿನಾಥ’ ಎಂದು ಹೇಳಿಕೊಂಡದ್ದು ಈ ಬೆಟ್ಟದ ಮೇಲಣ ಅಭಿಮಾನದಿಂದಲೇ. ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಬಂದರು. ಹಿಂದಿನವರದ್ದನ್ನು ಉಳಿಸಿಕೊಂಡು ತಮ್ಮದನ್ನು ಸೇರಿಸುತ್ತ ಹೋದರು. ಭೋಗನಂದೀಶ್ವರನ ಪಕ್ಕದಲ್ಲಿ ಅರುಣಾಚಲೇಶ್ವರ; ಇಬ್ಬರ ನಡುವೆ ಉಮಾಮಹೇಶ್ವರನ ಚಿಕ್ಕ ಗುಡಿ; ಮುಂದೆ ಕಪ್ಪುಕಲ್ಲಿನ ಕಂಬಗಳ ಕಲ್ಯಾಣಮಂಟಪ. ಕಂಬದ ಮೇಲಿನ ಗಿಳಿ ಬಳ್ಳಿಗಳನ್ನು ನೋಡುತ್ತ ಹುಡುಗನಿಗೆ ಸೂರ್ಯೋದಯ ಮರೆತೇಹೋಯಿತು. ಆಚೆ ಪ್ರಾಕಾರದಲ್ಲಿ ಕಲ್ಲುಮೆಟ್ಟಿಲುಗಳ ಕಲ್ಯಾಣಿ. ಅದರ ದಂಡೆಯಲ್ಲಿ ಕುಳಿತು ಬುತ್ತಿಯ ಚಿತ್ರಾನ್ನ ತಿಂದೆವು.

ಹತ್ತಿರದ ಸುಲ್ತಾನಪೇಟೆಯಿಂದ ಮೇಲಕ್ಕೆ ಸಾವಿರಕ್ಕೂ ಮಿಕ್ಕಿದ ಕಲ್ಲುಮೆಟ್ಟಿಲು. ಹೊರಡುವ ಮುನ್ನ ದಾರಿ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ನೀರು ಬೇಕು, ತಿಂಡಿಯ ಚೀಲ ಕೋತಿಗಳ ಕಣ್ಣಿಗೆ ಬೀಳಬಾರದು. ನಾನು ನೂರು ಮೆಟ್ಟಿಲಿಗೊಮ್ಮೆ ಕುಳಿತೆ. ಹುಡುಗ ನಿಂತು ಕಾದ. ಬೆಟ್ಟದ ಎತ್ತರ 4,851 ಅಡಿ ಎಂದು ಶಾಲೆಯಲ್ಲಿ ಕಲಿತಿದ್ದೆ. ಕಾಲಿಗೆ ಅದು ತಿಳಿದದ್ದು ಅಂದು.

ಕೋಟೆಯ ಗೋಡೆಯ ನೆರಳಿನಲ್ಲಿ ಕುಳಿತು ಅವನಿಗೆ 1791ರ ಕಥೆ ಹೇಳಿದೆ. ಹೈದರನೂ ಟಿಪ್ಪುವೂ ಬಲಪಡಿಸಿದ ದುರ್ಗವಿದು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯ ಇದನ್ನು ಮುತ್ತಿತು. ಕಡಿದಾದ ಇಳಿಜಾರಿನಲ್ಲಿ ದಾರಿ ಕಡಿದು ಫಿರಂಗಿಗಳನ್ನು ಮೇಲಕ್ಕೆಳೆದರು. ಸುಮಾರು ಮೂರು ವಾರದ ಮುತ್ತಿಗೆಯ ಕೊನೆಗೆ, ಅಕ್ಟೋಬರ್ 19ರ ಬೆಳುದಿಂಗಳಿನಲ್ಲಿ, ಜನರಲ್ ಮೆಡೋಸ್ ಮುಂದೆ ನಿಂತು ಲಗ್ಗೆ ಹತ್ತಿಸಿದ. ಮೇಲಿನಿಂದ ಬಂಡೆಗಳು ಉರುಳಿಬಂದವು. ನೆಲದಡಿ ಮದ್ದಿನ ಸುರಂಗವಿದೆಯೆಂದು ಸೈನಿಕನೊಬ್ಬ ಪಿಸುಗುಟ್ಟಿದಾಗ, ಇದ್ದರೆ ಅದು ಚಿನ್ನದ ಗಣಿಯೇ ಸರಿ ಎಂದು ಮೆಡೋಸ್ ನಕ್ಕನಂತೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತು. ಆ ನಗೆಯ ಮೇಲೆ ಕೋಟೆ ಬಿತ್ತು.

“ಆಮೇಲೆ?” ಎಂದ ಹುಡುಗ.

ಆಮೇಲೆ ಗೆದ್ದವರಿಗೆ ಇದೇ ಬೆಟ್ಟ ತಂಪಿನ ತಾಣವಾಯಿತು. 1834ರಿಂದ 1861ರವರೆಗೆ ಮೈಸೂರಿನ ಕಮೀಷನರಾಗಿದ್ದ ಕಬ್ಬನ್ ಬೇಸಗೆಯಲ್ಲಿ ಇಲ್ಲಿಗೆ ಬರುತ್ತಿದ್ದರು. ಬೇರೆ ದೊರೆಗಳೂ ಬಂಗಲೆ ಕಟ್ಟಿಕೊಂಡರು. ನಾವು ‘ಪಿಕ್‌ನಿಕ್’ ಎಂದು ಬರುವ ರೂಢಿಯ ಬೇರು ಅಲ್ಲಿದೆ. ಭೋಗ ಮೇಲಕ್ಕೆ ಹತ್ತಿತು. ಯೋಗನಂದೀಶ್ವರ ಅದರ ನಡುವೆ ಮೌನವಾಗಿ ಕುಳಿತ. ಕೈದಿಗಳನ್ನು ತಳ್ಳುತ್ತಿದ್ದರೆಂದು ಜನ ಹೇಳುವ ಕಮರಿಯ ಅಂಚಿನಲ್ಲೇ ಇಂದು ಫೋಟೋಕ್ಕೆ ನೂಕುನುಗ್ಗಲು. ಕಥೆ ನಿಜವೋ ಸುಳ್ಳೋ, ಅಲ್ಲಿ ನಿಂತು ಹಲ್ಲು ಕಿರಿಯಲು ನನಗೆ ಮನಸ್ಸಾಗಲಿಲ್ಲ.

ಬೆಟ್ಟ ತನ್ನ ಹಳೆಯ ಕ್ರಮವನ್ನು ಒಮ್ಮೆ ನೆನಪಿಸಿಕೊಂಡಿತು ಎನ್ನಿಸುತ್ತದೆ. 1927ರಲ್ಲಿ ಗಾಂಧೀಜಿ ಕಾಯಿಲೆಯಿಂದ ಬಳಲಿ, ವೈದ್ಯರ ಮಾತಿನಂತೆ ವಿಶ್ರಾಂತಿಗಾಗಿ ಇಲ್ಲಿಗೆ ಬಂದರು. ಏಪ್ರಿಲಿನಿಂದ ಸುಮಾರು ಒಂದೂವರೆ ತಿಂಗಳು ಇದ್ದರು. 1936ರಲ್ಲಿ ಮತ್ತೊಮ್ಮೆ ಬಂದರು. ದೊರೆಗಳ ವಿಹಾರದ ಬೆಟ್ಟದಲ್ಲಿ ಒಬ್ಬ ಫಕೀರ ತಂಗಿದ್ದನ್ನು ಕಂಡು ಯೋಗನಂದೀಶ್ವರನಿಗೆ ಜೊತೆ ಸಿಕ್ಕಂತಾಗಿರಬೇಕು.

ಅಮೃತ ಸರೋವರದ ಮೆಟ್ಟಿಲ ಮೇಲೆ ನಿಂತಾಗ ನನಗೆ ನಮ್ಮಪ್ಪನ ನೆನಪಾಯಿತು. ನಾನು ಚಿಕ್ಕವನಾಗಿದ್ದಾಗ ಬೀದಿ ನಲ್ಲಿಯಲ್ಲಿ ಕೊಡ ತುಂಬುತ್ತ ಅವರು ಉತ್ತರಕ್ಕೆ ಬೆರಳು ತೋರಿಸಿ, “ಇದು ನಂದಿಬೆಟ್ಟದ ನೀರು ಕಣೋ” ಎನ್ನುತ್ತಿದ್ದರು. ಮಾತು ಸುಳ್ಳಲ್ಲ. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಅರ್ಕಾವತಿಯೇ ಹೆಸರಘಟ್ಟದ ಕೆರೆಯನ್ನು ತುಂಬಿಸಿ, 1890ರ ದಶಕದಿಂದ ಬೆಂಗಳೂರಿಗೆ ನಲ್ಲಿ ನೀರು ಕೊಟ್ಟಿತು. 1933ರಲ್ಲಿ ಅದೇ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಕಟ್ಟಿದರು. ಊರು ಬೆಳೆಯಿತು, ಕೆರೆಗಳ ಕಾಲುವೆ ಮುಚ್ಚಿದವು, ಕೊಳವೆಬಾವಿಗಳು ಆಳಕ್ಕಿಳಿದವು, ಅರ್ಕಾವತಿ ಸೊರಗಿದಳು. 1974ರಿಂದ ನಾವು ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆತ್ತಿ ತರುತ್ತಿದ್ದೇವೆ. ಮೂರು ತಲೆಮಾರಿಗೆ ನೀರು ಕುಡಿಸಿದ ಬೆಟ್ಟಕ್ಕೆ ನಾವೀಗ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಹೊತ್ತು ಹೋಗುತ್ತೇವೆ; ಖಾಲಿ ಬಾಟಲಿಯನ್ನು ಅಲ್ಲೇ ಬಿಟ್ಟು ಬರುತ್ತೇವೆ.

ಇಳಿದು ಬಂದಾಗ ಎರಡು ಗಂಟೆ. ರಸ್ತೆ ಬದಿಯ ಹೋಟೆಲಿನಲ್ಲಿ ಬಿಸಿ ರಾಗಿಮುದ್ದೆ, ಸೊಗಡು ಬಿಟ್ಟ ಅವರೆಕಾಳಿನ ಸಾರು. ಚಿಕ್ಕಬಳ್ಳಾಪುರದ ಕಡೆಯ ಅವರೆಕಾಯಿಯ ರುಚಿ ತಿಳಿಯಬೇಕಾದರೆ ಬೆಟ್ಟ ಹತ್ತಿ ಇಳಿದ ಹಸಿವೂ ಬೇಕು, ಮಾರ್ಗಶಿರದ ಚಳಿಯೂ ಬೇಕು. ಮುದ್ದೆ ನುಂಗಲು ಬಾರದ ಹುಡುಗ ಅಂದು ಎರಡು ನುಂಗಿದ.

ರಾತ್ರಿ ಮನೆಯಲ್ಲಿ ಕೈ ತೊಳೆಯುತ್ತ ನಲ್ಲಿ ತಿರುಗಿಸಿದವನು ಒಂದು ಗಳಿಗೆ ನಿಂತು, “ತಾತ, ಇದು ಎಲ್ಲಿಯ ನೀರು?” ಎಂದ. ನಮ್ಮಪ್ಪ ಉತ್ತರಕ್ಕೆ ತೋರಿಸಿದ್ದರು. ನಾನು ದಕ್ಷಿಣಕ್ಕೆ ತೋರಿಸಿದೆ. ಅವನು ತನ್ನ ಮೊಮ್ಮಗನಿಗೆ ಯಾವ ದಿಕ್ಕು ತೋರಿಸುತ್ತಾನೋ!