ಲೆಕ್ಕಪತ್ರ ಎಪಿಐ ಜೋಡಣೆ
ವೆಬ್ ಆ್ಯಪ್‌ನಲ್ಲಿ ದಾಖಲಾದ ಮಾರಾಟ, ಪಾವತಿಗಳನ್ನು ಆನ್‌ಲೈನ್ ಲೆಕ್ಕಪತ್ರ ಸೇವೆಗೆ ತಾನಾಗಿಯೇ ರವಾನಿಸುವ ವ್ಯವಸ್ಥೆ. ಇದರಿಂದ ಒಂದೇ ಬಿಲ್ಲನ್ನು ಎರಡು ಕಡೆ ನಮೂದಿಸುವ ಕೆಲಸ ತಪ್ಪುತ್ತದೆ.

ಉದಾಹರಣೆಗೆ, ಜೋಹೊ ಬುಕ್ಸ್ ಎಂಬ ಲೆಕ್ಕಪತ್ರ ಸೇವೆಗೆ ಜೋಡಿಸಲು ಒಆತ್ 2.0 ವಿಧಾನದಲ್ಲಿ ಅನುಮತಿ ಪಡೆಯಬೇಕು. ಹೀಗೆ ಸಿಗುವ ಆಕ್ಸೆಸ್ ಟೋಕನ್ 1 ಗಂಟೆ ಮಾತ್ರ ನಡೆಯುತ್ತದೆ. ಬಳಿಕ ರಿಫ್ರೆಶ್ ಟೋಕನ್ ಬಳಸಿ ಹೊಸದನ್ನು ಪಡೆಯಬೇಕು. ಬಿಲ್ಲಿನ ವಿವರ ಜೇಸನ್ ರೂಪದಲ್ಲಿ ಹೋಗುತ್ತದೆ.

ಈ ವಿವರದಲ್ಲಿ ಖರೀದಿದಾರರ ಜಿಎಸ್‌ಟಿ ರಾಜ್ಯ ಸಂಕೇತ ತಪ್ಪಿದರೆ ತೆರಿಗೆಯೂ ತಪ್ಪುತ್ತದೆ. ಒಂದೇ ರಾಜ್ಯದೊಳಗೆ, ನಾಸಿಕದಿಂದ ಛತ್ರಪತಿ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶಕ್ಕೆ ಮಾರಿದ, 18% ದರದ ₹10,000 ಬೆಲೆಯ ಸರಕಿಗೆ ಸಿಜಿಎಸ್‌ಟಿ ₹900, ಎಸ್‌ಜಿಎಸ್‌ಟಿ ₹900. ಅದೇ ಸರಕು ಬೇರೆ ರಾಜ್ಯದ ಬೆಂಗಳೂರಿಗೆ ಹೋದರೆ ಸಂಕೇತ 27ರ ಬದಲು 29 ಆಗಿ, ಐಜಿಎಸ್‌ಟಿ ₹1,800 ಬೀಳುತ್ತದೆ.

ಜೋಡಣೆಯಲ್ಲಿ ಇ-ಇನ್‌ವಾಯ್ಸ್ ನಿಯಮವನ್ನೂ ಗಮನಿಸಬೇಕು: 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು ₹5 ಕೋಟಿ ಮೀರಿದ ಬಹುತೇಕ ಉದ್ಯಮಗಳು ಇತರ ಉದ್ಯಮಗಳಿಗೆ ಕೊಡುವ ಬಿಲ್ಲಿಗೆ ಇ-ಇನ್‌ವಾಯ್ಸ್ ಕಡ್ಡಾಯ.